ಸಹಾಯ ಬೇಕು: ರಾಗಗಳ ಅಕ್ಷರಮಾಲೆ ಆಟಕ್ಕೆ ಠ, ಢ, ಥ

ಎಲ್ಲರಿಗೂ ನಮಸ್ಕಾರ. ಅ ಇಂದ ಳ ತನಕ ಅಕ್ಷರಕ್ಕೊಂದು ಕರ್ನಾಟಕ ಸಂಗೀತದ ರಾಗ ಹೇಳುವ ಆಟ ಸಿದ್ಧಪಡಿಸುತ್ತಿದ್ದೇವೆ. ಘ ಗೆ ಘಂಟಾ, ಝ ಗೆ ಝಂಕಾರಧ್ವನಿ, ಫ ಗೆ ಫಲಮಂಜರಿ ಸಿಕ್ಕವು. ಠ, ಢ, ಥ ಮಾತ್ರ ಖಾಲಿ. ಗೊತ್ತಿದ್ದವರು ಆರೋಹಣ, ಅವರೋಹಣ (ಸ್ವರಗಳು ಏರುವ, ಇಳಿಯುವ ಕ್ರಮ), ಒಂದು ಕೃತಿಯ ಹೆಸರು ಸೇರಿಸಿ ತಿಳಿಸಿ.

ಇಂಗ್ಲಿಷ್ ಪಟ್ಟಿ ನೋಡಿ ಬರೆಯಬೇಡಿ ದಯವಿಟ್ಟು. ಅದರಲ್ಲಿ ಶಂಕರಾಭರಣ, ಷಣ್ಮುಖಪ್ರಿಯ, ಸಾವೇರಿ ಮೂರೂ ಒಂದೇ ಅಕ್ಷರಕ್ಕೆ ಬಿದ್ದುಬಿಡುತ್ತವೆ. ನಮಗೆ ಅವು ಮೂರು ಬೇರೆ ಮನೆ.

ಇನ್ನೊಂದು ಗೊಂದಲ: ಕಲ್ಯಾಣಿ ಕ ಗೋ, ಮ ಗೋ? ಮೇಳಗಳ (ಮೂಲ ರಾಗಗಳ) ಪಟ್ಟಿಯಲ್ಲಿ ಅದರ ಹೆಸರು ಮೇಚಕಲ್ಯಾಣಿ. 'ಮೇಚ' ಸೇರಿದ್ದೇ ಕಟಪಯಾದಿ ಲೆಕ್ಕಕ್ಕೆ, ಅಂದರೆ ಹೆಸರಿನ ಮೊದಲೆರಡು ಅಕ್ಷರಗಳಿಂದ ಮೇಳದ ಸಂಖ್ಯೆ ತಿಳಿಯುವ ಕ್ರಮಕ್ಕೆ. ಮ 5, ಚ 6, ತಿರುಗಿಸಿದರೆ 65ನೇ ಮೇಳ. ಧೀರಶಂಕರಾಭರಣ (29), ಹನುಮತೋಡಿಗೂ (8) ಇದೇ ಕಥೆ. ಹಾಡುವವರ ಬಾಯಲ್ಲಿರುವ ಹೆಸರೇ ಸರಿ ಅಂತ ನನ್ನ ಅಭಿಪ್ರಾಯ. ನೀವೇನಂತೀರಿ?