ಸಹಾಯ ಬೇಕು: ದುಬಾರಿ ಗ್ರಾಫಿಕ್ಸ್ ಕಾರ್ಡ್‌ಗೆ ಹಣ ಹಾಕುವುದು ಸರಿಯೇ?

ಎಲ್ಲರಿಗೂ ನಮಸ್ಕಾರ. ನನ್ನ 4 ಜಿಬಿಯ ಜಿಟಿಎಕ್ಸ್ 1650 ಕಾರ್ಡಿನಲ್ಲಿ ಸೈಬರ್‌ಪಂಕ್ 2077 ಆಡುವಾಗ, ಜನಸಂದಣಿಯ ಬೀದಿಗೆ ಬಂದೊಡನೆ ಚಿತ್ರ ತಡೆತಡೆದು ಚಲಿಸುವುದರಿಂದ, ಹೊಸ ಕಾರ್ಡ್ ಕೊಳ್ಳಲು ನಿರ್ಧರಿಸಿದ್ದೇನೆ. 16 ಜಿಬಿಯ ಆರ್‌ಟಿಎಕ್ಸ್ 5060 ಟಿಐ ಸಾಕೇ, ಅಥವಾ ಅದಕ್ಕಿಂತ ಬಹಳ ದುಬಾರಿಯಾದ 5070 ಟಿಐ ಬೇಕೇ? ಎರಡರಲ್ಲೂ ಮೆಮೊರಿ ಒಂದೇ ಪ್ರಮಾಣದ್ದು. ಆದರೆ ಮೊದಲನೆಯದು 180 ವಾಟ್ ಬಳಸಿದರೆ ಎರಡನೆಯದಕ್ಕೆ 300 ವಾಟ್ ಬೇಕಾಗುವುದರಿಂದ, ನನ್ನ 600 ವಾಟ್‌ನ ಪವರ್ ಸಪ್ಲೈಯನ್ನೂ ಬದಲಿಸಬೇಕಾದೀತು. ಮಾನಿಟರ್ 1080ಪಿ, 60 ಹರ್ಟ್ಸ್‌ನದು. ಸೆಕೆಂಡಿಗೆ 60ಕ್ಕಿಂತ ಹೆಚ್ಚು ಫ್ರೇಮ್‌ಗಳನ್ನು (ಬಿಡಿ ಚಿತ್ರಗಳನ್ನು) ಅದು ತೋರಿಸಲಾರದು. ಆದ್ದರಿಂದ ಅಗ್ಗದ ಕಾರ್ಡ್ ಕೊಂಡು, ಉಳಿದ ಹಣವನ್ನು ಇನ್ನೂ ಸ್ಪಷ್ಟವಾದ ಚಿತ್ರ ಕೊಡುವ 1440ಪಿ ಮಾನಿಟರ್‌ಗೆ ಹಾಕುವುದೇ ಮೇಲೆಂದು ನನಗೆ ತೋರುತ್ತದೆ. ಇವುಗಳನ್ನು ಸ್ವತಃ ಬಳಸುತ್ತಿರುವವರು, ರೇ ಟ್ರೇಸಿಂಗ್ (ಬೆಳಕು, ನೆರಳು, ಪ್ರತಿಬಿಂಬಗಳನ್ನು ನೈಜವಾಗಿ ತೋರಿಸುವ ಸೌಲಭ್ಯ) ಹಾಕಿದಾಗ 1440ಪಿಯಲ್ಲಿ ಎಷ್ಟು ಫ್ರೇಮ್ ಸಿಗುತ್ತದೆಂದು ದಯವಿಟ್ಟು ತಿಳಿಸಿ.