ಭಾನಗಢ ಕೋಟೆಯನ್ನು ರಾತ್ರಿ ನೋಡಬಹುದೇ?

ಪ್ರಶ್ನೆ: ಮುಂದಿನ ತಿಂಗಳು ಜೈಪುರಕ್ಕೆ ಹೋಗುವವರಿದ್ದೇವೆ. ದೆವ್ವಗಳ ಕೋಟೆಯೆಂದು ಹೆಸರಾದ ಭಾನಗಢವನ್ನು ಕತ್ತಲಾದ ಮೇಲೆ ನೋಡಲು ಸಾಧ್ಯವೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಸಾಧ್ಯವಿಲ್ಲ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಪ್ರವೇಶ ನಿಷಿದ್ಧವೆಂದು ಪುರಾತತ್ವ ಇಲಾಖೆಯೇ ಅಲ್ಲಿ ಫಲಕ ಹಾಕಿದೆ. ಸರಿಸ್ಕಾ ಹುಲಿ ಅರಣ್ಯ ಸಮೀಪದಲ್ಲೇ ಇರುವುದನ್ನು ನೆನೆದರೆ, ಆ ನಿಯಮಕ್ಕೆ ದೆವ್ವವೇ ಬೇಕೆಂದೇನೂ ಇಲ್ಲ.

ಉತ್ತರ 2: ರಾಜಕುಮಾರಿ ರತ್ನಾವತಿಯನ್ನು ವಶಮಾಡಿಕೊಳ್ಳಲು ಮಾಂತ್ರಿಕನೊಬ್ಬ ಸುಗಂಧತೈಲವನ್ನು ಮಂತ್ರಿಸಿದನಂತೆ, ಆಕೆ ಅದನ್ನು ಬಂಡೆಯ ಮೇಲೆ ಚೆಲ್ಲಲು ಆ ಬಂಡೆಯೇ ಉರುಳಿ ಬಂದು ಅವನನ್ನು ಕೊಂದಿತಂತೆ, ಸಾಯುವಾಗ ಅವನಿತ್ತ ಶಾಪದಿಂದ ಊರು ಹಾಳಾಯಿತಂತೆ. ಕಥೆಯೇನೋ ಸೊಗಸಾಗಿದೆ. ಬೆಳಿಗ್ಗೆ 8ಕ್ಕೆ ಹೋದ ನನಗೆ ಕಂಡದ್ದು ಸೂರಿಲ್ಲದ ಅಂಗಡಿ ಸಾಲು, ಸೋಮೇಶ್ವರ ಗುಡಿಯ ಕೊಳ ಹಾಗೂ ಕೈಯಲ್ಲಿದ್ದ ಬಾಳೆಹಣ್ಣನ್ನು ಕಸಿದೊಯ್ದ ಮುಸುವ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಬೆಳಿಗ್ಗೆಯೇ ಹೋಗುತ್ತೇವೆ, ಬಾಳೆಹಣ್ಣನ್ನು ಒಯ್ಯುವುದಿಲ್ಲ.