ಮಡಿಕೇರಿ ಹತ್ರ ಅಪ್ಪ ಅಮ್ಮ ಇಬ್ರೇ, ಮಳೆಗಾಲಕ್ಕೆ ಏನ್ ರೆಡಿ ಮಾಡ್ಬೇಕು?

ಕಾಫಿಗಿಡ: ನಾನಿರೋದು ಬೆಂಗಳೂರು ವಿಜಯನಗರದಲ್ಲಿ, ಅಪ್ಪ ಅಮ್ಮ ತೋಟದ ಮನೇಲಿ, ಹಿಂದೇನೇ ಗುಡ್ಡ. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡಗಳು ಜರಿದಾಗ ಎರಡು ದಿನ ಫೋನೇ ಸಿಕ್ಲಿಲ್ಲ, ಆ ಎರಡು ದಿನ ಈಗ್ಲೂ ನೆನೆಸ್ಕೊಳಕ್ಕಾಗಲ್ಲ. ಇಲ್ಲಿಂದ ನಾನೇನ್ ಮಾಡ್ಬೋದು?

ಘಟ್ಟದಮಗಳು: ಮೊದ್ಲು ಗುಡ್ಡದ ಮೇಲೆ ಕಣ್ಣಿಡಕ್ಕೆ ಹೇಳಿ. ನೆಲದಲ್ಲಿ ಹೊಸ ಬಿರುಕು, ಮರ ಕಂಬ ವಾಲೋದು, ಬಾಗಿಲು ಇದ್ದಕ್ಕಿದ್ದಂಗೆ ಬಿಗಿಯಾಗೋದು, ತೋಡಿನ ನೀರು ಕೆಸರಾಗೋದು, ಇಲ್ಲಾ ಜೋರು ಮಳೇಲೂ ಸಡನ್ನಾಗಿ ಕಮ್ಮಿ ಆಗೋದು (ಮೇಲೆಲ್ಲೋ ಮಣ್ಣು ಅಡ್ಡ ಬಿದ್ದಿರ್ಬೋದು), ಇದ್ರಲ್ಲಿ ಒಂದು ಕಂಡ್ರೂ ಕತ್ತಲಾಗೋಕ್ ಮುಂಚೆ ಮನೆ ಬಿಡ್ಬೇಕು, ಬೆಳಗ್ಗೆ ನೋಡೋಣ ಅನ್ಲೇಬಾರ್ದು. 2024ರ ಜುಲೈ 30ಕ್ಕೆ ವಯನಾಡಲ್ಲಿ ಜನ ಮಲಗಿದ್ದಾಗ್ಲೇ ಗುಡ್ಡ ಜರಿದು ಬಂದಿದ್ದು.

ಯಲಹಂಕದವ: ಜಿಲ್ಲಾ ಕಂಟ್ರೋಲ್ ರೂಮ್ ನಂಬರ್ 1077, ಆದ್ರೆ ಬೆಂಗಳೂರಿಂದ ಮಾಡೋವಾಗ 1077ಕ್ಕೆ ಮೊದ್ಲು ಮಡಿಕೇರಿ ಎಸ್‌ಟಿಡಿ ಕೋಡ್ 08272 ಹಾಕಿ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಟಾರ್ಚು, ಪವರ್ ಬ್ಯಾಂಕು, ಬಿಪಿ ಮಾತ್ರೆ, ಆಧಾರ್, ಆರ್‌ಟಿಸಿ (ಜಮೀನಿನ ಪಹಣಿ) ಎಲ್ಲಾ ಒಂದೇ ಬ್ಯಾಗಲ್ಲಿ ಪ್ಲಾಸ್ಟಿಕ್ ಸುತ್ತಿ ಬಾಗಿಲ ಹತ್ರ ಇಡ್ಸಿ.

ಕಾಫಿಗಿಡ: ತುಂಬಾ ಥ್ಯಾಂಕ್ಸ್. ಅಪ್ಪ ಹಸು ಬಿಟ್ಟು ಬರಲ್ಲ ಅಂತಾರೆ, ಅದೇ ಚಿಂತೆ.

ಘಟ್ಟದಮಗಳು: ನಮ್ಮಪ್ಪನೂ ಹಂಗೇ ಇದ್ರು ಕಣ್ರೀ. ಆರೆಂಜ್ ಅಲರ್ಟ್ ಬಂದ ತಕ್ಷಣ ಹಸುನ ಗುಡ್ಡದಿಂದ ದೂರ ಇರೋ ನೆಂಟರ ಕೊಟ್ಟಿಗೆಗೆ ಮೊದ್ಲೇ ಸಾಗಿಸ್ಬಿಡಿ, ಹಸು ಹೋದ್ಮೇಲೆ ಅವ್ರೂ ಹಿಂದೇನೇ ಹೋಗ್ತಾರೆ.